ಹೆಸರು ಮಾರಿದ ಹುಡುಗಿ

ಮಹೇಂದ್ರ ಬಂದು ಬಾಗಿಲಲ್ಲಿ ನಿಂತಾಗ ಸುಮನಾ ಮರದ ಗಿಳಿಯೊಂದಕ್ಕೆ ಕಣ್ಣು ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಅವನ ನೆರಳು ಅವಳಿಗೆ ಗೊತ್ತು. ವೆಲ್ಡಿಂಗ್ ಮೆಷಿನ್ ಹೊತ್ತು ಹೊತ್ತು ಎಡಭುಜ ಒಂದಿಷ್ಟು ಇಳಿದ ನೆರಳು. ಅದು ನೆಲದ ಮೇಲೆ ಬಿದ್ದರೆ ಸಾಕು, ಕೈಯಲ್ಲಿನ ಕುಂಚ ತಾನಾಗಿ ಒಂದು ಗಳಿಗೆ ತಡೆಯುತ್ತಿತ್ತು.

"ಒಂದು ಕಣ್ಣು ಆಯ್ತು. ಇನ್ನೊಂದು ನೀನು ಹೋದ್ಮೇಲೆ ಬರೀತೀನಿ. ನೀನಿದ್ರೆ ಮೆಳ್ಳೆಗಣ್ಣಾಗ್ತದೆ" ಎಂದಳು.

ಎಂದಿನ ನಗು ಕೇಳಲಿಲ್ಲ.

"ನನ್ ಮೇಲೆ ಕೇಸ್ ಹಾಕ್ಬುಟ್ಟಿದೀಯಲ್ಲ ಸುಮನಾ. ಬಾಯಲ್ಲಿ ಒಂದ್ ಮಾತು ಹೇಳಿದ್ರೆ ಬತ್ತಿರ್ಲಿಲ್ವಾ ನಾನು?"

ತಮಾಷೆ ಎಂದುಕೊಂಡಳು. "ಹೂಂ, ಹಾಕಿದೀನಿ. ಹೂವು ಮುಡಿಸೋ ಶಾಸ್ತ್ರಕ್ಕೆ ನಿಮ್ಮವ್ವ ಇನ್ನೂ ದಿನ ನೋಡಿಲ್ವಲ್ಲ, ಅದಕ್ಕೇ."

ಅವನು ಕೈಯಲ್ಲಿದ್ದ ಕಾಗದವೊಂದನ್ನು ಬಣ್ಣದ ಡಬ್ಬಿಗಳ ನಡುವೆ ಇಟ್ಟ. ಕೋರ್ಟಿನ ಸಮನ್ಸ್. ಮೇಲೆ ಅವಳ ಹೆಸರು, ಕೆಳಗೆ ಅವನ ಹೆಸರು. ಆ ಎರಡು ಹೆಸರುಗಳನ್ನು ಒಂದೇ ಕಾಗದದ ಮೇಲೆ ಸುಮನಾ ಎಷ್ಟೋ ಸಲ ಕಂಡಿದ್ದಳು, ಕಣ್ಣು ಮುಚ್ಚಿದಾಗ, ಅರಿಶಿನ ಸವರಿದ ಲಗ್ನಪತ್ರಿಕೆಯಲ್ಲಿ. ಇಲ್ಲಿ ಅವೆರಡರ ನಡುವೆ 'ವಿರುದ್ಧ' ಎಂದಿತ್ತು.

"ನಾನು ಹಾಕಿಲ್ಲ ಕಣೋ."

"ಹೆಸರು ನಿಂದೇ ಐತೆ."

"ಹೆಸರು ನನ್ನದೇ. ಹಾಕಿದ್ದು ನಾನಲ್ಲ."

ಮೂಲೆಯಲ್ಲಿ ಲೇತ್ ಮುಂದೆ ಕೂತಿದ್ದ ಪೀರ್ ಸಾಬ್ ಮೆಷಿನ್ ನಿಲ್ಲಿಸಿದರು. ಸುಮನಾ ಹುಟ್ಟುವ ಮೊದಲಿನಿಂದಲೂ ಅವಳ ಅಪ್ಪನ ಬಳಿ ಬೊಂಬೆ ಕಡೆಯುತ್ತಿದ್ದ ಮುದುಕ ಅವರು. "ಹೆಸರು ನಿಂದು, ಹಾಕಿದ್ದು ನೀನಲ್ಲ ಅಂದ್ರೆ ಮತ್ತೆ ಯಾರು ಬೇಟಾ, ಜಿನ್ನಾ?"

ಮಹೇಂದ್ರನ ತುಟಿಯ ತುದಿ ಆಗ ತುಸು ಅಲುಗಿತು. ಆ ಅರ್ಧ ನಗು ಅವಳನ್ನು ಬದುಕಿಸಿತು. ಅವಳಲ್ಲ ಎಂದು ಅವನು ನಂಬಿದ್ದ. ಆದರೆ ಸಮನ್ಸ್ ಮೊದಲು ತಲುಪಿದ್ದು ಅವನ ಮನೆಗೆ. ಸಂಜೆಯೊಳಗೆ ಅವನ ತಾಯಿಯ ದನಿ ಬೀದಿಗೆಲ್ಲ ಕೇಳಿತು: "ಕೋರ್ಟಿಗೆ ಎಳೆದೋಳನ್ನ ಮನೆ ತುಂಬಿಸ್ಕೊಳ್ಳಾಕಾಯ್ತದಾ? ಹೂವೂ ಬ್ಯಾಡ, ಹಣ್ಣೂ ಬ್ಯಾಡ!"

*

ಅಜ್ಜಿ ಅಂಕಮ್ಮ ಒಂದು ಕಥೆ ಹೇಳುತ್ತಿದ್ದಳು.

ಒಂದೂರಲ್ಲಿ ಒಬ್ಬ ಹುಡುಗಿ. ಮನೆಯಲ್ಲಿ ಕಾಳಿಲ್ಲ. ಸಂತೆಗೆ ಬಂದ ವ್ಯಾಪಾರಿ, "ಒಂದು ಮೂಟೆ ರಾಗಿ ಕೊಡ್ತೀನಿ, ನಿನ್ನ ಹೆಸರು ಕೊಡು" ಅಂದನಂತೆ. ಹೆಸರು ಕೊಟ್ಟರೆ ಹೋಗೋದೇನು, ಕೈ ಕಾಲು ಇರುತ್ತಲ್ಲ ಎಂದು ಹುಡುಗಿ ಕೊಟ್ಟುಬಿಟ್ಟಳು. ಆಮೇಲೆ ಯಾರು ಅವಳ ಹೆಸರು ಕೂಗಿದರೂ ವ್ಯಾಪಾರಿಯೇ "ಓ" ಅನ್ನುತ್ತಿದ್ದ. ತಾಯಿ ಊಟಕ್ಕೆ ಕರೆದರೆ ಅವನೇ ಬಂದು ಕೂರುವನು. ಒಂದು ದಿನ, ಅವಳನ್ನು ಮೆಚ್ಚಿದ ಹುಡುಗ ನದಿಯ ಆಚೆ ದಡದಲ್ಲಿ ನಿಂತು ಅವಳ ಹೆಸರು ಕೂಗಿದ...

ಅಲ್ಲಿಗೆ ಸುಮನಾಗೆ ನಿದ್ದೆ ಬಂದುಬಿಡುತ್ತಿತ್ತು. ಪ್ರತಿ ಸಲವೂ. ಅಜ್ಜಿ ಹೋಗಿ ವರ್ಷಗಳಾದವು, ಕಥೆಯ ಕೊನೆ ಅವಳ ಜೊತೆಯಲ್ಲೇ ಹೋಯಿತು.

*

ಬೆಂಕಿ ಬಿದ್ದದ್ದು ಹಿಂದಿನ ವರ್ಷ, ಸಂಕ್ರಾಂತಿ ಕಳೆದ ಮೇಲಿನ ಒಣ ದಿನಗಳಲ್ಲಿ, ಮಧ್ಯಾಹ್ನ.

ಶೆಡ್ಡು ಸುಮನಾಳ ಹೆಸರಿನಲ್ಲಿತ್ತು. ಹೆಂಗಸರ ಹೆಸರಿಗಾದರೆ ಸಾಲಕ್ಕೆ ಬಡ್ಡಿ ಕಡಿಮೆ ಎಂದು ಅಪ್ಪ ಚಿಕ್ಕಹನುಮಯ್ಯ ಮಗಳನ್ನೇ ಯಜಮಾನಿ ಮಾಡಿದ್ದರು. ಬ್ಯಾಂಕಿನವರು ಇನ್ಶೂರೆನ್ಸ್ ಕೂಡ ಅವಳ ಹೆಸರಿಗೇ ಮಾಡಿಸಿದ್ದರು. ಯಜಮಾನಿಗೆ ಒಂದೇ ಒಂದು ಆಸೆ. ತಾನು ಕೂತು ಬಣ್ಣ ಹಾಕುವ ಜಾಗದ ಕಿಟಕಿಗೆ ಚೌಕುಳಿ ಗ್ರಿಲ್ ಬೇಡ, ಗಿಳಿಗಳಿರುವ ಗ್ರಿಲ್ ಬೇಕು. ಪಕ್ಕದ ವೆಲ್ಡಿಂಗ್ ಶಾಪಿನ ಮಹೇಂದ್ರ ಕಂಬಿ ಬಗ್ಗಿಸಿ ಬಗ್ಗಿಸಿ ಗಿಳಿ ಮಾಡಿದ. ಮೊದಲನೆಯದು ಕೋಳಿಯ ಹಾಗಿತ್ತು. ಎರಡನೆಯದೂ ಕೋಳಿಯೇ. ಅವಳು ನಕ್ಕಾಗಲೆಲ್ಲ ಅವನು ಇನ್ನೊಂದು ಕಂಬಿ ತೆಗೆದುಕೊಂಡ.

ಬೊಂಬೆ ಶೆಡ್ಡುಗಳಲ್ಲಿ ಒಂದು ಕಟ್ಟುಪಾಡುಂಟು. ನೆಲದ ತುಂಬ ಮರದ ಹೊಟ್ಟು, ಗೂಡಿನ ತುಂಬ ಅರಗು. ಕಿಡಿ ಹಾರುವ ಕೆಲಸ ಏನೇ ಇರಲಿ, ಮೊದಲು ಗೋಣಿಚೀಲ ನೀರಲ್ಲಿ ಅದ್ದಿ ಕೆಳಗೆ ಹಾಸಬೇಕು. ಬಿದ್ದ ಕಿಡಿ ಅದರಲ್ಲೇ ಸಾಯಬೇಕು.

ಕಿಟಕಿಗೆ ಗ್ರಿಲ್ ಬೆಸೆಯಬೇಕಿದ್ದ ಅವತ್ತು ನಲ್ಲಿಯಲ್ಲಿ ನೀರಿರಲಿಲ್ಲ. ಹಿತ್ತಲ ತೊಟ್ಟಿಗೆ ಹೋಗಬೇಕಿತ್ತು. ಆದರೆ ಮಹೇಂದ್ರ ಒಂದು ಮಾತಿನ ನಡುವೆ ಇದ್ದ.

"ಮದ್ವೆ ಆದ್ಮೇಲೂ ಸುಮನಾ ಅಂತಾನೇ ಕರೀತೀಯಾ?" ಎಂದು ಅವಳು ಕೇಳಿದ್ದಳು.

"ಛೆ. ನಮ್ಮಪ್ಪ ನಮ್ಮವ್ವನ ಹೆಸ್ರು ಹಿಡ್ದು ಕರ್ದಿದ್ದೇ ನಾ ಕೇಳಿಲ್ಲ. 'ಏ ಇವ್ಳೇ' ಅಂತಿತ್ತು. ನಾನೂ ಅಂಗೇ."

"ಇವ್ಳೇ ಅಂದ್ರೆ ಬೀದೀಲಿರೋ ಹೆಂಗಸ್ರೆಲ್ಲ ತಿರುಗಿ ನೋಡ್ತಾರೆ."

"ನೋಡಲ್ಲ. ನಾ ಕರ್ದಾಗ ನೀನೊಬ್ಳೇ ತಿರುಗ್ತೀಯ. ಅಂಗೇ ಕರೀತೀನಿ ನಾನು."

ಅಂಥ ಮಾತನ್ನು ಅರ್ಧಕ್ಕೆ ಬಿಟ್ಟು ತೊಟ್ಟಿಗೆ ಹೋಗುವ ಹುಡುಗಿ ಯಾರಿದ್ದಾಳೆ? ಗೋಣಿಚೀಲವನ್ನು ಒಣಗಿದ್ದಂತೆಯೇ ಹಾಸಿದಳು.

"ಒದ್ದೆ ಮಾಡಿದ್ಯಾ?"

"ಹೂಂ" ಎಂದಳು. ಅವನು ಮುಖಕ್ಕೆ ಮಾಸ್ಕ್ ಎಳೆದುಕೊಂಡ. ಮಾಸ್ಕಿನ ಒಳಗೂ ನಗುತ್ತಿದ್ದಾನೆಂದು ಅವನ ಭುಜ ನೋಡಿದರೆ ಗೊತ್ತಾಗುತ್ತಿತ್ತು.

ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಅವನ ಬಲಗೈ ಸುಟ್ಟಿತು. ಶೆಡ್ಡು, ಮರ, ಕಡೆದಿಟ್ಟ ಬೊಂಬೆಗಳು ಎಲ್ಲ ಹೋದವು. ಅರಗು ಉರಿದ ಸಿಹಿ ವಾಸನೆ ಬಹಳ ದಿನ ಬೀದಿಯಲ್ಲಿತ್ತು.

"ಓನರ್ ತಪ್ಪು ಅಂತ ಗೊತ್ತಾದ್ರೆ ಇನ್ಶೂರೆನ್ಸೋರು ಒಂದ್ ಪೈಸಾ ಕೊಡಲ್ಲ" ಎಂದು ಪೀರ್ ಸಾಬ್ ಹೇಳಿದರು. ಬೀದಿಯವರೆಲ್ಲ ಹೌದು ಹೌದು ಎಂದರು. ಯಾರೂ ಯಾರನ್ನೂ ಕೇಳಿ ತಿಳಿದುಕೊಂಡಿರಲಿಲ್ಲ.

ಹಾಗಾಗಿ ಕಂಪನಿಯ ಸರ್ವೇಯರ್ ಬಂದಾಗ, ಸುಮನಾ ಬಾಯಿ ತೆರೆಯುವ ಮೊದಲೇ ಮಹೇಂದ್ರ ಮುಂದೆ ಬಂದ. "ಗೋಣಿಚೀಲ ನಾನೇ ಹಾಸಿದ್ದು ಸಾರ್. ಒದ್ದೆ ಮಾಡಾದು ಮರ್ತ್ಬುಟ್ಟೆ." ಕಣ್ಣಲ್ಲೇ ಅವಳಿಗೆ ಹೇಳಿದ, ಸುಮ್ನಿರು.

"ನಿಮಗೂ ಇವರಿಗೂ ಏನು ಸಂಬಂಧ?" ಎಂದರು ಸರ್ವೇಯರ್.

"ಏನಿಲ್ಲ ಸಾರ್. ಪಕ್ಕದಂಗಡಿ."

ಆ "ಏನಿಲ್ಲ" ಎಷ್ಟು ಮುದ್ದಾಗಿ ಕೇಳಿಸಿತ್ತು ಅವಳಿಗೆ! ಕಣ್ಣಾಮುಚ್ಚಾಲೆಯಲ್ಲಿ ಬಾಗಿಲ ಹಿಂದೆ ಅಡಗಿದವರು ಉಸಿರು ಬಿಗಿಹಿಡಿದಂತೆ. ಸರ್ವೇಯರ್ ಬರೆದುಕೊಂಡದ್ದಕ್ಕೆಲ್ಲ ಅವಳು ಸಹಿ ಹಾಕಿದಳು. ದುಡ್ಡು ಬರುವಾಗ ಏಜೆಂಟ್ ತಂದ ಇಂಗ್ಲಿಷ್ ಛಾಪಾಕಾಗದಕ್ಕೂ ಹಾಕಿದಳು. "ಫಾರ್ಮಾಲಿಟಿ ಮೇಡಂ" ಅಂದಿದ್ದ ಅವನು. ಆ ದುಡ್ಡಿನಲ್ಲೇ ಶೆಡ್ಡು ಮತ್ತೆ ಎದ್ದು ನಿಂತಿತು.

*

ರಾಮನಗರದ ಬಸ್ಸು ಕೆಂಗಲ್ ದಾಟುವಾಗ ಚಿಕ್ಕಹನುಮಯ್ಯ ಕೂತಲ್ಲಿಂದಲೇ ಆಂಜನೇಯನಿಗೆ ಕೈ ಮುಗಿದರು. ಸುಮನಾಳೂ ಮುಗಿದಳು.

ಸಮನ್ಸಿನಲ್ಲಿ ಹೆಸರಿದ್ದ, ಇನ್ಶೂರೆನ್ಸ್ ಕಂಪನಿಯ ವಕೀಲ ಅಶೋಕ್ ಕೆಟ್ಟ ಮನುಷ್ಯನಾಗಿದ್ದರೆ ಸುಲಭವಾಗುತ್ತಿತ್ತು. ಅವರು ಕುರ್ಚಿ ಎಳೆದು ಕೂರಿಸಿದರು, ಟೀ ತರಿಸಿದರು, ಅಪ್ಪನ ಮಂಡಿನೋವು ವಿಚಾರಿಸಿದರು.

"ಇದಕ್ಕೆ ಸಬ್ರೋಗೇಷನ್ ಅಂತಾರಮ್ಮ. ನಿಮಗೆ ನಷ್ಟ ಆಯ್ತು, ಕಂಪನಿ ತುಂಬಿಕೊಡ್ತು. ನಷ್ಟ ಮಾಡಿದೋರ ಮೇಲೆ ನಿಮಗೆ ಯಾವ ಹಕ್ಕಿತ್ತೋ ಅದು ಈಗ ಕಂಪನಿದು. ನಿಮ್ಮ ಜಾಗದಲ್ಲಿ ಕಂಪನಿ ನಿಂತು ವಸೂಲಿ ಮಾಡುತ್ತೆ. ಹೆಸರು ಮಾತ್ರ ನಿಮ್ಮದು."

"ನನಗೆ ಅವರ ಮೇಲೆ ಕೋಪ ಇಲ್ಲ ಸಾರ್."

"ಇರಬೇಕು ಅಂತೇನಿಲ್ಲ. ಕಂಪನಿಗಿದ್ರೆ ಸಾಕು."

"ನಾನು ಅವರನ್ನ ಕ್ಷಮಿಸಿದೀನಿ ಅಂತ ಬರ್ಕೊಟ್ರೆ?"

ಅಶೋಕ್ ಪೆನ್ನು ಕೆಳಗಿಟ್ಟರು. "ಆ ತಪ್ಪು ಮಾತ್ರ ಮಾಡಬೇಡಿ. ಕ್ಷಮಿಸೋ ಹಕ್ಕನ್ನೂ ನೀವು ಸೈನ್ ಮಾಡಿ ಕೊಟ್ಟಿದ್ದೀರ. ಈಗ ನೀವು ಅವರನ್ನ ಬಿಟ್ಟುಕೊಟ್ರೆ, ಕಂಪನಿ ಕೊಟ್ಟಿದ್ದನ್ನೆಲ್ಲ ನಿಮ್ಮಿಂದಲೇ ವಾಪಸ್ ಕೇಳುತ್ತೆ."

ಟೀಯ ಮೇಲೆ ಕೆನೆ ಕಟ್ಟುತ್ತಿತ್ತು. ಅವಳು ಅದನ್ನೇ ನೋಡುತ್ತ ಕೇಳಿದಳು. "ಸುಮ್ನೆ ಕೇಳ್ತೀನಿ ಸಾರ್. ಬೆಂಕಿ ನಮ್ಮ ತಪ್ಪಿಂದಾನೇ ಆಗಿದ್ದಿದ್ರೆ?"

"ಆಗ್ಲೂ ದುಡ್ಡು ಬರ್ತಿತ್ತು. ನೀವಾಗೇ ಬೇಕಂತ ಹಚ್ಚಿರಬಾರದು, ಅಷ್ಟೇ. ಮೈಮರೆವಿಗೆ ಅಂತಾನೇ ಅಲ್ವಾ ಜನ ಇನ್ಶೂರೆನ್ಸ್ ಮಾಡಿಸೋದು? ಆವಾಗ ಈ ಕೇಸೇ ಇರ್ತಿರಲಿಲ್ಲ. ತಾನು ಪಾಲಿಸಿ ಕೊಟ್ಟೋರ ಮೇಲೇ ಕಂಪನಿ ಕೇಸ್ ಹಾಕೋಕಾಗಲ್ಲ."

ಹೊರಗೆ ಯಾವುದೋ ಬಸ್ಸು ಹಾರನ್ ಮಾಡಿತು. ಸುಮನಾಗೆ ಅದು ಬಹಳ ದೂರದಿಂದ ಕೇಳಿಸಿತು. ಒಂದು ನಿಜ ಹೇಳಿದ್ದರೆ ಸಾಕಿತ್ತು. ಪ್ರೀತಿಯಿಂದ ಹೇಳಿದ ಸುಳ್ಳು ಯಾರಿಗೂ ಬೇಕೇ ಇರಲಿಲ್ಲ.

"ಆದ್ರೆ ಕ್ಲೇಮಿನಲ್ಲಿ ಸುಳ್ಳು ಹೇಳಿದ್ರು ಅಂತ ಗೊತ್ತಾದ್ರೆ ಬೇರೆ ಮಾತು. ಆಗ ಪಾಲಿಸಿಯೇ ಹೋಗುತ್ತೆ, ಕೊಟ್ಟಿದ್ದೂ ಹೋಗುತ್ತೆ." ಅಶೋಕ್ ಕನ್ನಡಕದ ಮೇಲಿಂದ ನೋಡಿದರು. "ಪ್ರತಿವಾದಿಗೂ ನಿಮಗೂ ಸಂಬಂಧ ಏನೂ ಇಲ್ಲ ಅಂತ ರಿಪೋರ್ಟಲ್ಲಿದೆ. ಇಲ್ಲ ತಾನೆ?"

ಅಪ್ಪ ಅವಳ ಮುಖ ನೋಡಿದರು.

"ಇಲ್ಲ" ಎಂದಳು ಸುಮನಾ.

"ಹಾಗೇ ಇರಲಿ" ಎಂದರು ಅಶೋಕ್. ಹೆದರಿಸಿದರೋ ಕರುಣೆ ತೋರಿಸಿದರೋ, ಅವಳಿಗೆ ತಿಳಿಯಲಿಲ್ಲ.

*

ಮಾರನೇ ಶನಿವಾರ ಕೆಂಗಲ್ ದೇವಸ್ಥಾನದ ಹಿಂದಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು, ನಡುವೆ ಉಪ್ಪುಖಾರ ಸವರಿದ ಸೌತೆಕಾಯಿಯ ಪೊಟ್ಟಣ ಇಟ್ಟುಕೊಂಡು. ಅವಳು ಎಲ್ಲ ಹೇಳಿದಳು. ಅವನು ಕೇಳುತ್ತ ಸುಟ್ಟ ಕೈಯ ನುಣುಪು ಚರ್ಮವನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತಿದ್ದ.

"ಅಂದ್ರೆ ನಾ ಹೇಳಿದ್ ಸುಳ್ಳು ದಂಡ?"

"ಪೂರ್ತಿ ದಂಡ."

"ಥೂ. ಜನ್ಮದಲ್ಲಿ ಒಂದ್ಸಲ ಹೀರೋ ಆಗವಾ ಅಂದ್ರೆ ಅದೂ ವೇಸ್ಟಾ?"

ಅವಳಿಗೆ ನಗು ಬಂತು. ನಗು ಅರ್ಧ ದಾರಿಯಲ್ಲೇ ಅಳುವಾಯಿತು. ಅವನು ಕೈ ಚಾಚಿದ, ದೇವಸ್ಥಾನದ ಜನ ನೋಡಿ ಹಿಂದಕ್ಕೆಳೆದುಕೊಂಡ, ಕೊನೆಗೆ ಸೌತೆಕಾಯಿಯ ಹೋಳೊಂದನ್ನು ಅವಳ ಕೈಗಿಟ್ಟ. ಬೆರಳಿನ ತುದಿಯಷ್ಟೇ ತಾಗಿತು. ಖಾರದಿಂದಲೋ ಏನೋ, ಆ ಜಾಗ ಉರಿಯಿತು.

"ಮದ್ವೆ ಆಗ್ಬುಡವಾ" ಎಂದ.

"ಆದ್ರೆ ಸಂಬಂಧ ಇಲ್ಲ ಅಂದಿದ್ದು ಸುಳ್ಳಾಗ್ತದೆ. ಅದು ಸುಳ್ಳಾದ್ರೆ ಗೋಣಿಚೀಲನೂ ಕೇಳ್ತಾರೆ. ಒಂದೆಳೆ ಹಿಡಿದೆಳೆದ್ರೆ ಎಲ್ಲಾ ಬಿಚ್ಕೊಳ್ತದೆ ಕಣೋ."

"ನಮ್ಮವ್ವ ಬ್ಯಾರೆ ಅನ್ನ ಬುಟ್ಟವಳೆ." ಅವನು ದೇವಸ್ಥಾನದ ಗೋಡೆ ಮೇಲಿದ್ದ ಮಂಗಗಳತ್ತ ನೋಡಿದ. "ಈ ಕೋತಿಗೊಳೇ ವಾಸಿ. ಇವಕ್ಕೆ ಇನ್ಶೂರೆನ್ಸ್ ಇಲ್ಲ."

ಸುಮನಾ ಕಣ್ಣೊರೆಸಿಕೊಂಡಳು. "ನನ್ನನ್ನ ಸಾಕ್ಷಿಗೆ ಕರೀತಾರಂತೆ. ಕಟಕಟೆಯಲ್ಲಿ ನಿಂತು ನಿಜ ಹೇಳ್ತೀನಿ. ಗೋಣಿಚೀಲ ನಾನು ಹಾಸಿದ್ದು. ಒದ್ದೆ ಮಾಡಿದೀನಿ ಅಂತ ಸುಳ್ಳು ಹೇಳಿದ್ದೂ ನಾನೇ ಅಂತ."

"ಹೇಳು. ಆಮ್ಯಾಕೆ ಶೆಡ್ಡು ಹರಾಜಾಯ್ತದೆ. ನಿಮ್ಮಪ್ಪ, ಪೀರ್ ಸಾಬ್ರು, ಬಣ್ಣ ಹಾಕೋ ಹೆಂಗಸ್ರು ಎಲ್ಲಾ ಬೀದಿಗೆ."

"ಹೇಳದಿದ್ರೆ ನೀನು ಬೀದಿಗೆ."

"ನಾ ಬೀದೀಲೇ ಇರೋನು ಕಣೇ. ನನ್ ಶಾಪಿಗೆ ಮುಂದ್ಗಡೆ ಗೋಡೆ ಎಲ್ಲೈತೆ?"

"ತಮಾಷೆ ಮಾಡ್ಬೇಡ. ನಾನು ಹೇಳೇ ಹೇಳ್ತೀನಿ."

ಅವನು ಬಹಳ ಹೊತ್ತು ಅವಳನ್ನೇ ನೋಡಿದ. ಅವಳ ಕಿವಿಯ ಹಿಂದೆ ಅಂಟಿದ್ದ ಹಳದಿ ಬಣ್ಣದ ಚುಕ್ಕೆಯನ್ನು, ಗಲ್ಲವನ್ನು, ಮತ್ತೆ ಆ ಚುಕ್ಕೆಯನ್ನು. ಮನೆ ಬಿಟ್ಟು ಹೋಗುವವರು ಗೋಡೆ ನೋಡುವ ಹಾಗೆ.

"ಯಾವತ್ತು ಸಾಕ್ಷಿ?" ಎಂದ. ಅವಳು ದಿನ ಹೇಳಿದಳು. ಅವನು ತಲೆಯಾಡಿಸಿದ, ಪೊಟ್ಟಣದ ಕೊನೆಯ ಹೋಳನ್ನೂ ಅವಳಿಗೇ ಕೊಟ್ಟ.

*

"ವಾದಿ ಸುಮನಾ!"

ಕೋರ್ಟಿನ ಜವಾನ ಕೂಗಿದ. ಸುಮನಾ ಬೆಂಚಿನಿಂದ ಏಳುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕರಿಕೋಟು ಎದ್ದು ನಿಂತಿತು. "ಹಾಜರಿದ್ದೇವೆ ಸ್ವಾಮಿ" ಎಂದರು ಅಶೋಕ್.

ಅಜ್ಜಿಯ ವ್ಯಾಪಾರಿ ಹೀಗೇ "ಓ" ಅನ್ನುತ್ತಿದ್ದನಲ್ಲವೇ?

ಆದರೂ ಅವಳು ಕಟಕಟೆಯತ್ತ ಹೆಜ್ಜೆ ಇಟ್ಟಳು. ಹೇಳಬೇಕಾದ ಮಾತು ನಾಲಗೆಯ ಮೇಲೆ ಸಿದ್ಧವಾಗಿತ್ತು. ಅಷ್ಟರಲ್ಲಿ ಎದುರು ಬದಿಯಿಂದ ಇನ್ನೊಂದು ದನಿ ಎದ್ದಿತು.

"ಸ್ವಾಮಿ, ಸಾಕ್ಷಿ ಬ್ಯಾಡ."

ಮಹೇಂದ್ರ ಕೈ ಕಟ್ಟಿ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಹೂವು ಮುಡಿಸುವ ಶಾಸ್ತ್ರಕ್ಕೆಂದು ತೆಗೆದಿಟ್ಟಿದ್ದ ಶರ್ಟು ಅದು. ಅಂಗಡಿಯಲ್ಲಿ ಆರಿಸಿದವಳು ಅವಳೇ.

"ನಂದೇ ತಪ್ಪು ಸ್ವಾಮಿ. ಗೋಣಿಚೀಲ ಒಣಗಿದ್ದು ಹಾಸ್ದೆ. ನನ್ನಿಂದಾನೇ ಸುಟ್ಟೋಯ್ತು. ಕಂಪನಿಯೋರು ಕೇಳಿದ್ನ ಕೊಡ್ತೀನಿ. ಮೆಷಿನ್ನು, ಶಾಪು ಮಾರ್ತೀನಿ. ಮಿಕ್ಕಿದ್ದಕ್ಕೆ ಒಸಿ ಟೈಮ್ ಕೊಡಿ."

ನ್ಯಾಯಾಧೀಶರು ಪೆನ್ನು ಹಿಡಿದು ಕೇಳಿದರು. "ಹೀಗೆ ಹೇಳಿ ಅಂತ ಯಾರಾದರೂ ಒತ್ತಾಯ ಮಾಡಿದ್ದಾರಾ?"

"ಇಲ್ಲ ಸ್ವಾಮಿ. ಮನಸಾರೆ ಹೇಳ್ತಾ ಇವ್ನಿ."

ಹೇಳುವಾಗ ಅವನು ನ್ಯಾಯಾಧೀಶರನ್ನು ನೋಡಲಿಲ್ಲ. ಇಷ್ಟು ವರ್ಷದ ತಮಾಷೆ, ಕೀಟಲೆ, ಓರೆನೋಟಗಳಲ್ಲಿ ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಿರದ ಮಾತು, ತುಂಬಿದ ಕೋರ್ಟಿನಲ್ಲಿ, ಎಲ್ಲರೆದುರು, ಬೇರೆ ಮಾತಿನ ವೇಷದಲ್ಲಿ ಅವಳಿಗೆ ಬಂದು ತಲುಪಿತು.

"ಸ್ವಾಮಿ, ನಾನೊಂದು ಮಾತು..." ಎಂದಳು ಸುಮನಾ.

"ನಿಮ್ಮ ಪರವಾಗಿ ವಕೀಲರಿದ್ದಾರಲ್ಲಮ್ಮ."

"ವಾದಿಯ ಕಡೆಯಿಂದ ಬೇರೇನೂ ಹೇಳೋದಿಲ್ಲ ಸ್ವಾಮಿ" ಎಂದರು ಅಶೋಕ್.

ಆಗಲೂ ಅವಳು ಕೂಗಬಹುದಿತ್ತು. ಅವಳ ಗಂಟಲನ್ನು ಯಾರೂ ಹಿಡಿದಿರಲಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಅಪ್ಪ ಕೆಂಗಲ್ ಆಂಜನೇಯನಿಗೆ ಮುಗಿದಂತೆ ಕೈ ಮುಗಿದು ಕೂತಿದ್ದರು. ಎದುರಿನಲ್ಲಿ ಮಹೇಂದ್ರ, ಸರ್ವೇಯರ್ ಬಂದ ದಿನದ ಅದೇ ಕಣ್ಣಿನಿಂದ, ಸುಮ್ನಿರು ಎನ್ನುತ್ತಿದ್ದ.

ಸುಮನಾ ಕೂತಳು.

*

ಶಾಪು ಮಾರಾಟವಾಯಿತು. ಕನಕಪುರದಲ್ಲಿ ಯಾರದೋ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಮಹೇಂದ್ರನಿಗೆ ಕೂಲಿ ಕೆಲಸ ಸಿಕ್ಕಿತು. ದುಡಿದದ್ದರಲ್ಲಿ ಬಹುಪಾಲು ಕಂಪನಿಗೆ. ಅವನ ತಾಯಿ ಸಾತನೂರಿನ ತಮ್ಮನ ಮನೆಗೆ ಹೊರಟರು. ಸಾಲ ತೀರುವ ಹೊತ್ತಿಗೆ ತಲೆ ನೆರೆತಿರುತ್ತದೆ ಎಂದು ಲೆಕ್ಕ ಬಲ್ಲವರು ಹೇಳಿದರು. ಅಲ್ಲಿಯವರೆಗೆ ಸುಮನಾ ಮತ್ತು ಮಹೇಂದ್ರ ಪಕ್ಕದಂಗಡಿಯವರಾಗಿಯೂ ಇರುವಂತಿರಲಿಲ್ಲ.

ಹೊರಡುವ ದಿನ ಮಧ್ಯಾಹ್ನ ಅವನು ಬಂದ. ಕೈಯಲ್ಲಿ ಮಸಿ ಹಿಡಿದ ಗ್ರಿಲ್ಲು, ಎಡಭುಜದ ಮೇಲೆ ಮಾರಿದ ಮೆಷಿನ್ನು, ಕೊಂಡವನಿಂದ ಒಂದು ಗಂಟೆಯ ಮಟ್ಟಿಗೆ ಕೇಳಿ ತಂದದ್ದು.

"ಕೆಲ್ಸ ಅರ್ಧಕ್ಕೆ ನಿಂತಿತ್ತು" ಎಂದ, ಚಿಕ್ಕಹನುಮಯ್ಯನವರಿಗೆ ಹೇಳಿದಂತೆ. ಅವರು ಎದ್ದು ಹೊರಗೆ ಹೋದರು.

ಸುಮನಾ ಹಿತ್ತಲಿಗೆ ನಡೆದಳು. ಗೋಣಿಚೀಲವನ್ನು ತೊಟ್ಟಿಯಲ್ಲಿ ಅದ್ದಿದಳು, ತೆಗೆದು ಮತ್ತೆ ಅದ್ದಿದಳು. ಎರಡೂ ತೋಳಲ್ಲಿ ತಬ್ಬಿಕೊಂಡು ತಂದಳು. ಚೂಡಿದಾರ ಎದೆಯಿಂದ ಪಾದದವರೆಗೆ ತೊಯ್ದು, ಹೊಸ ಸಿಮೆಂಟ್ ನೆಲದ ಮೇಲೆ ನೀರಿನ ದಾರಿಯೇ ಬಿತ್ತು. ಪೀರ್ ಸಾಬ್ ನೋಡಿದರು, ಲೇತ್ ಕಡೆಗೆ ತಿರುಗಿಕೊಂಡರು.

ಕಿಟಕಿಯ ಕೆಳಗೆ ಹಾಸಿದಳು.

"ಒದ್ದೆ ಮಾಡಿದ್ಯಾ?" ಎಂದ ಮಹೇಂದ್ರ. ಚೀಲದತ್ತ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ.

"ಮುಟ್ಟಿ ನೋಡು."

"ಬ್ಯಾಡ. ನೀ ಹೇಳು, ಸಾಕು."

"ಹೂಂ."

ಅವನು ಮಾಸ್ಕ್ ಎಳೆದುಕೊಂಡ. ಕಿಡಿಗಳು ಹಾರಿ ಬಿದ್ದವು, ಗೋಣಿಯ ಮೇಲೆ ಚುಯ್ ಚುಯ್ ಎಂದು ಒಂದೊಂದಾಗಿ ಆರಿದವು. ಮಾಸ್ಕಿನ ಒಳಗೆ ಏನಾಗುತ್ತಿತ್ತೋ, ಈ ಸಲ ಅವನ ಭುಜ ನಗುತ್ತಿರಲಿಲ್ಲ.

ಕಿಟಕಿಗೆ ಗಿಳಿಗಳು ಬಂದವು. ಒಂದರ ಕೊಕ್ಕು ಇನ್ನೂ ಕೋಳಿಯದೇ. ಅವನು ಹೊರಗಿನಿಂದ ಕಂಬಿ ಹಿಡಿದು ಅಲ್ಲಾಡಿಸಿ ನೋಡಿದ. ಗಟ್ಟಿಯಾಗಿತ್ತು. ಅವಳು ಒಳಗಿನಿಂದ ಅದೇ ಕಂಬಿಯನ್ನು ಹಿಡಿದಳು. ಕಬ್ಬಿಣ ಇನ್ನೂ ಬೆಚ್ಚಗಿತ್ತು.

ಮೆಷಿನ್ ಹೊತ್ತು ಅವನು ಹೊರಟ. ಬೀದಿಯಲ್ಲಿ ಮಧ್ಯಾಹ್ನದ ಗಲಾಟೆ. ಹೂವಿನ ಬುಟ್ಟಿಯವಳು ಕೂಗುತ್ತಿದ್ದಳು, ಬಣ್ಣ ಹಾಕುವ ಹೆಂಗಸರು ಜಗಲಿಯಲ್ಲಿ ಬುತ್ತಿ ಬಿಚ್ಚಿದ್ದರು, ನಲ್ಲಿಯ ಹತ್ತಿರ ಬಿಂದಿಗೆಗಳ ಜಗಳ. ನೋಡಲಾರದೆ ಸುಮನಾ ಕಿಟಕಿಗೆ ಬೆನ್ನು ಮಾಡಿ, ಅಂದು ಅರ್ಧಕ್ಕೆ ಬಿಟ್ಟ ಒಂದೇ ಕಣ್ಣಿನ ಗಿಳಿಯನ್ನು ಕೈಗೆತ್ತಿಕೊಂಡಳು.

"ಏ ಇವ್ಳೇ!"

ಬೀದಿಯಲ್ಲಿ ಅಷ್ಟು ಹೆಂಗಸರಿದ್ದರು. ಯಾರೂ ತಿರುಗಲಿಲ್ಲ. ಸುಮನಾ ತಿರುಗಿದಳು.

ಗಿಳಿಗಳ ಆಚೆ, ಬೀದಿಯ ತಿರುವಿನಲ್ಲಿ, ಎಡಭುಜ ಇಳಿಸಿಕೊಂಡು ಅವನು ನಿಂತಿದ್ದ. ಆ ಕರೆಗೆ ಯಾವ ಕರಿಕೋಟೂ ಎದ್ದು ಓ ಅನ್ನುವಂತಿರಲಿಲ್ಲ. ಅಜ್ಜಿಯ ಕಥೆಯ ಹುಡುಗ ನದಿಯಾಚೆ ನಿಂತು ಕೊನೆಗೆ ಹೀಗೇ ಕರೆದಿರಬೇಕು. ನದಿ ಮಾತ್ರ ಅಲ್ಲೇ ಇದ್ದಿರಬೇಕು.

"ಏನು?" ಎಂದಳು.

ಅವನು ಬಾಯಿ ತೆರೆದ. ಸುಟ್ಟ ಕೈಯಿಂದ ಮೆಷಿನ್ನಿನ ಹಿಡಿಯನ್ನು ಸರಿಪಡಿಸಿಕೊಂಡ.

"ಏನಿಲ್ಲ" ಎಂದು, ತಿರುವು ದಾಟಿ ಹೋದ.